ಥೇಮ್ಸ್ ನದಿಯ ಅಂಬಿಗರು

ಲಂಡನ್ ನಗರಕ್ಕೆ ಐದು ಶತಮಾನಕ್ಕೂ ಮಿಕ್ಕಿ ಒಂದೇ ಸೇತುವೆ. 1209ರಲ್ಲಿ ಮುಗಿದ ಆ ಕಲ್ಲುಸೇತುವೆಯ ಮೇಲೆ ಮನೆ ಮಳಿಗೆಗಳು ಕಿಕ್ಕಿರಿದಿದ್ದವು. ಊರೊಳಗಿನ ಬೀದಿಗಳು ಇಕ್ಕಟ್ಟು, ಕೆಸರು. ಹಾಗಾಗಿ ಥೇಮ್ಸ್ ನದಿಯೇ ರಾಜಬೀದಿಯಾಯಿತು. ಅರಸನ ಆಸ್ಥಾನಕ್ಕೆ ಹೊರಟವರೂ ಪೇಟೆಗೆ ಬಂದವರೂ ಏರುತ್ತಿದ್ದುದು ‘ವೆರ್ರಿ’ ಎಂಬ ಮರದ ಪುಟ್ಟ ದೋಣಿಯನ್ನು.

ಸುಮಾರು 22 ಅಡಿ ಉದ್ದದ ಈ ದೋಣಿಯ ಮೂತಿ ನೀಳವಾಗಿ ಮುಂದಕ್ಕೆ ಚಾಚಿತ್ತು. ಕಟ್ಟೆಯಿಲ್ಲದ ದಡದಲ್ಲೂ ಪ್ರಯಾಣಿಕರು ಕಾಲು ನೆನೆಯದಂತೆ ಇಳಿಯಲು ಅದು ಅನುಕೂಲ. ಒಬ್ಬನೇ ಅಂಬಿಗನಿದ್ದರೆ ಅಗ್ಗ, ಇಬ್ಬರು ಹುಟ್ಟು ಹಾಕಿದರೆ ತುಟ್ಟಿ. ಉಬ್ಬರ ಇಳಿಯುವ ಹೊತ್ತಿನಲ್ಲಿ ಸೇತುವೆಯ ಕಿರಿದಾದ ಕಮಾನುಗಳ ಕೆಳಗೆ ನೀರು ಭೋರ್ಗರೆದು ಧುಮುಕುತ್ತಿತ್ತು. ಜಾಣರು ಮೊದಲೇ ಇಳಿದು, ನಡೆದು, ಆಚೆ ಬದಿಯಲ್ಲಿ ಮತ್ತೆ ದೋಣಿ ಹತ್ತುತ್ತಿದ್ದರು.

ಅಂಬಿಗರ ಬಾಯಿ ಜೋರು, ದರವೂ ಜೋರು ಎಂಬ ದೂರು ಹಳೆಯದು. 1514ರಲ್ಲಿ ಎಂಟನೆಯ ಹೆನ್ರಿಯ ಕಾಲದ ಶಾಸನ ದರವನ್ನು ಗೊತ್ತುಪಡಿಸಿತು. 1555ರ ಶಾಸನ ಅಂಬಿಗರ ಸಂಘಕ್ಕೆ ಬುನಾದಿ ಹಾಕಿ, ಕಸುಬು ಕಲಿಯಲು ಶಿಷ್ಯವೃತ್ತಿಯನ್ನು ಕಡ್ಡಾಯಗೊಳಿಸಿತು. ಯುದ್ಧ ಬಂದಾಗ ನೌಕಾಪಡೆ ಇವರನ್ನೇ ಬಲವಂತವಾಗಿ ಎಳೆದೊಯ್ಯುತ್ತಿತ್ತು.

ದಕ್ಷಿಣ ದಡದ ನಾಟಕಶಾಲೆಗಳು ಇವರ ಪಾಲಿಗೆ ಸುಗ್ಗಿ. 1599ರಲ್ಲಿ ಗ್ಲೋಬ್ ನಾಟಕಶಾಲೆ ಎದ್ದು ನಿಂತ ಮೇಲೆ ಪ್ರೇಕ್ಷಕರನ್ನು ದಾಟಿಸಿಯೇ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ನಾಟಕದವರು ಉತ್ತರ ದಡಕ್ಕೆ ಸರಿಯತೊಡಗಿದಾಗ ಅಂಬಿಗರು ದೊರೆಗೆ ಅರ್ಜಿ ಕೊಟ್ಟರು. ಅವರ ಪರವಾಗಿ ನಿಂತವನು ಜಾನ್ ಟೇಲರ್, ಹುಟ್ಟು ಹಾಕುತ್ತಲೇ ಪದ್ಯ ಕಟ್ಟಿದ ‘ಜಲಕವಿ’. ಕಂದು ಕಾಗದದ ದೋಣಿಗೆ ಒಣಮೀನಿನ ಹುಟ್ಟು ಕಟ್ಟಿ ಥೇಮ್ಸ್‌ನಲ್ಲಿ ಸಾಗಿದ ಸಾಹಸಿ ಅವನು. ವಿಂಡ್ಸರ್‌ನಿಂದ ಗ್ರೇವ್ಸೆಂಡ್‌ವರೆಗೆ ಹುಟ್ಟನ್ನೇ ನಂಬಿ ಬದುಕುವವರು 40,000 ಮಂದಿ ಎಂದು ಅವನು ವಾದಿಸಿದ. ಅರ್ಜಿ ಫಲಿಸಲಿಲ್ಲ. ಆಮೇಲೆ ಬಾಡಿಗೆ ಸಾರೋಟುಗಳು ಬಂದವು. ಅವುಗಳನ್ನೂ ಟೇಲರ್ ಮನಸಾರೆ ಶಪಿಸಿದ.

ಸಾರೋಟು ನೀರಿನ ಮೇಲೆ ಓಡದು. ಅದಕ್ಕೆ ಸೇತುವೆ ಬೇಕು. ಅಂಬಿಗರು ಎಷ್ಟು ವಿರೋಧಿಸಿದರೂ 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ತೆರೆಯಿತು. ಕಡವು ಕಳೆದುಕೊಂಡವರಿಗೆ ಪರಿಹಾರ ಸಂದಿತು. 1769ರಲ್ಲಿ ಬ್ಲ್ಯಾಕ್‌ಫ್ರೈಯರ್ಸ್, 1816ರಿಂದ 1819ರೊಳಗೆ ಇನ್ನೂ ಮೂರು ಸೇತುವೆಗಳಾದವು. 1815ರಲ್ಲೇ ಉಗಿದೋಣಿಯೂ ನದಿಗಿಳಿದಿತ್ತು.

ನಟ ಥಾಮಸ್ ಡಾಗೆಟ್ 1715ರಲ್ಲಿ ಎಳೆಯ ಅಂಬಿಗರಿಗಾಗಿ ಆರಂಭಿಸಿದ ದೋಣಿ ಸ್ಪರ್ಧೆ ಮಾತ್ರ ಇಂದಿಗೂ ನಡೆಯುತ್ತಿದೆ. ಗೆದ್ದವನಿಗೆ ಕೆಂಪು ಕೋಟು, ಬೆಳ್ಳಿಯ ಬಿಲ್ಲೆ. ರಾಜಶಾಸನ ಅಂಬಿಗನ ದರವನ್ನು ಕಟ್ಟಿಹಾಕಿತು, ಕಲಿಕೆಯನ್ನು ಕಾಯಿತು. ಪ್ರಯಾಣಿಕನನ್ನು ದೋಣಿಯಲ್ಲೇ ಉಳಿಸುವುದು ಅದರ ಕೈಯಲ್ಲಿರಲಿಲ್ಲ.