ತಾರಸಿಯಲ್ಲೇ ಉಪಗ್ರಹದ ದನಿ ಕೇಳಬಹುದು: ಹ್ಯಾಮ್ ಸಿಗ್ನಲ್ ಸ್ಪಷ್ಟವಾಗಲು ಏನೇನು ಬೇಕು?

2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜತೆ ಮಾತನಾಡಿದ್ದು ಹ್ಯಾಮ್ ರೇಡಿಯೋ ಮೂಲಕ. ಇಂಥ ಮಾತುಕತೆಗೆ ಸಿಗುವುದು ಸುಮಾರು 10 ನಿಮಿಷ ಮಾತ್ರ. ಅಷ್ಟರಲ್ಲಿ ನಿಲ್ದಾಣ ದಿಗಂತದಿಂದ ಮೇಲೇರಿ, ಆಕಾಶ ದಾಟಿ, ಇನ್ನೊಂದು ದಿಗಂತದಲ್ಲಿ ಮುಳುಗಿರುತ್ತದೆ. ಆ 10 ನಿಮಿಷ ದನಿ ಕೇಳಿಸುತ್ತದೆಯೋ, ಬರೀ ಗೊರಗೊರ ಸದ್ದು ಬರುತ್ತದೆಯೋ ಎಂಬುದನ್ನು ಹಲವು ಸಂಗತಿಗಳು ನಿರ್ಧರಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಕೇಳುವವರ ಕೈಯಲ್ಲೇ ಇವೆ.

ಹವ್ಯಾಸಿಗಳ ಉಪಗ್ರಹ ಶುರುವಾಗಿದ್ದು ಯಾವಾಗ?

ಹವ್ಯಾಸಿ ರೇಡಿಯೋದ ಮೊದಲ ಉಪಗ್ರಹ ಆಸ್ಕರ್-1. 1961ರ ಡಿಸೆಂಬರ್ 12ರಂದು ಅಮೆರಿಕದಿಂದ ಹಾರಿದ ಇದರ ತೂಕ ಸುಮಾರು ನಾಲ್ಕೂವರೆ ಕಿಲೋ. ಪ್ರಸಾರ ಶಕ್ತಿ ಒಂದು ವ್ಯಾಟ್‌ನ ಏಳನೇ ಒಂದು ಭಾಗದಷ್ಟು. ಮೋರ್ಸ್ ಸಂಕೇತದಲ್ಲಿ 'ಹಾಯ್' ಎನ್ನುವುದಷ್ಟೇ ಇದರ ಕೆಲಸ. ಮೂರು ವಾರ ಬಾಳಿದ ಇದನ್ನು 28 ದೇಶಗಳ 500ಕ್ಕೂ ಹೆಚ್ಚು ಹವ್ಯಾಸಿಗಳು ಕೇಳಿ ವರದಿ ಕಳುಹಿಸಿದ್ದರು.

ಭಾರತದ ಪಾಲಿಗೆ ದೊಡ್ಡ ಹೆಸರು ಹ್ಯಾಮ್‌ಸ್ಯಾಟ್. 2005ರ ಮೇ 5ರಂದು ಕಾರ್ಟೊಸ್ಯಾಟ್-1 ಜತೆ ಪಿಎಸ್‌ಎಲ್‌ವಿ-ಸಿ6 ರಾಕೆಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಈ 42.5 ಕಿಲೋ ತೂಕದ ಉಪಗ್ರಹದಲ್ಲಿ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು. ಒಂದು ಭಾರತದ್ದು, ಇನ್ನೊಂದನ್ನು ರೂಪಿಸಿದ್ದು ನೆದರ್ಲೆಂಡ್ಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ. 435 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೇಲೆ ಕಳುಹಿಸಿದ ಮಾತು 145.9 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಳಗಿಳಿಯುತ್ತಿತ್ತು. 2014ರ ಜುಲೈನಲ್ಲಿ ಬ್ಯಾಟರಿ ಕೈಕೊಡುವವರೆಗೂ, ಅಂದರೆ ಒಂಬತ್ತು ವರ್ಷ, ಅದು ಕೆಲಸ ಮಾಡಿತು.

ದೂರ ಹೆಚ್ಚಿದಂತೆ ದನಿ ಕ್ಷೀಣ

ಬಾಹ್ಯಾಕಾಶ ನಿಲ್ದಾಣ ಸುಮಾರು 420 ಕಿಲೋಮೀಟರ್ ಎತ್ತರದಲ್ಲಿದೆ. ಆದರೆ ಅಷ್ಟು ಹತ್ತಿರವಿರುವುದು ನೆತ್ತಿಯ ಮೇಲಿದ್ದಾಗ ಮಾತ್ರ. ದಿಗಂತದಲ್ಲಿದ್ದಾಗ ಅದರ ದೂರ 2,300 ಕಿಲೋಮೀಟರ್ ದಾಟುತ್ತದೆ. ಲೆಕ್ಕ ಹಾಕಿದರೆ ವ್ಯತ್ಯಾಸ ಸುಮಾರು 15 ಡೆಸಿಬೆಲ್. ಅಂದರೆ ನೆತ್ತಿಯ ಮೇಲಿದ್ದಾಗ ಸಿಗುವ ಶಕ್ತಿಯ ಮೂವತ್ತನೇ ಒಂದು ಪಾಲು ಮಾತ್ರ ದಿಗಂತದಿಂದ ಸಿಗುತ್ತದೆ. ಜತೆಗೆ ಕಟ್ಟಡ, ಮರ, ಗುಡ್ಡಗಳ ಅಡ್ಡಿ ಬೇರೆ.

ಹಾಗಾಗಿ ಮೊದಲ ಬಾರಿ ಕೇಳುವವರು ಆಕಾಶದಲ್ಲಿ 40 ಡಿಗ್ರಿಗಿಂತ ಮೇಲೇರುವ ಹಾದಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಜಿಪ್ರಿಡಿಕ್ಟ್‌ನಂಥ ಉಚಿತ ತಂತ್ರಾಂಶಗಳು ನಿಮ್ಮ ಊರಿನ ಮೇಲೆ ಉಪಗ್ರಹ ಯಾವಾಗ, ಯಾವ ದಿಕ್ಕಿನಿಂದ ಬರುತ್ತದೆ ಎಂದು ತಿಳಿಸುತ್ತವೆ. ಅದರಲ್ಲಿರುವ ಕಕ್ಷೆಯ ಮಾಹಿತಿಯನ್ನು ಕೆಲವು ದಿನಗಳಿಗೊಮ್ಮೆ ನವೀಕರಿಸದಿದ್ದರೆ ಲೆಕ್ಕ ತಪ್ಪಿ, ಆಂಟೆನಾ ಬೇರೆಲ್ಲೋ ನೋಡುತ್ತಿರುತ್ತದೆ.

ಜಾರುವ ತರಂಗಾಂತರ

ರೈಲು ಹತ್ತಿರ ಬರುವಾಗ ಹಾರ್ನ್ ಕೀಚಲಾಗಿ, ದಾಟಿ ಹೋದಮೇಲೆ ದಪ್ಪವಾಗಿ ಕೇಳುವುದು ಎಲ್ಲರಿಗೂ ಗೊತ್ತು. ಡಾಪ್ಲರ್ ಪರಿಣಾಮ ಎನ್ನುವ ಇದು ಉಪಗ್ರಹಕ್ಕೂ ಅನ್ವಯ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್‌ಗಿಂತ ವೇಗವಾಗಿ ಸಾಗುವ ನಿಲ್ದಾಣದ 145.800 ಮೆಗಾಹರ್ಟ್ಸ್ ಸಿಗ್ನಲ್ ಬರುವಾಗ ಸುಮಾರು 3.5 ಕಿಲೋಹರ್ಟ್ಸ್ ಮೇಲೆ, ಹೋಗುವಾಗ ಅಷ್ಟೇ ಕೆಳಗೆ ಇರುತ್ತದೆ. 437 ಮೆಗಾಹರ್ಟ್ಸ್‌ನಲ್ಲಿ ಈ ಜಾರುವಿಕೆ ಮೂರು ಪಟ್ಟು, ಅಂದರೆ 10 ಕಿಲೋಹರ್ಟ್ಸ್ ದಾಟುತ್ತದೆ.

145 ಮೆಗಾಹರ್ಟ್ಸ್‌ನ ಎಫ್‌ಎಂ ಪ್ರಸಾರದಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. 437ರಲ್ಲಿ ಮಾತ್ರ ಹಾದಿಯುದ್ದಕ್ಕೂ ನಾಲ್ಕೈದು ಬಾರಿ ಟ್ಯೂನ್ ಬದಲಿಸಲೇಬೇಕು. ಎಸ್‌ಎಸ್‌ಬಿ ವಿಧಾನದಲ್ಲಿ ನೂರು ಹರ್ಟ್ಸ್ ಏರುಪೇರಾದರೂ ಮನುಷ್ಯರ ದನಿ ವಿಕಾರವಾಗುತ್ತದೆ. ಅಲ್ಲಿ ಬೆರಳು ಡಯಲ್ ಮೇಲೇ ಇರಬೇಕು, ಇಲ್ಲವೇ ಕಂಪ್ಯೂಟರ್‌ಗೆ ಆ ಕೆಲಸ ವಹಿಸಬೇಕು.

ಸಿಗ್ನಲ್ ಏಳುಬೀಳು ಏಕೆ?

ಉಪಗ್ರಹ ನೆತ್ತಿಯ ಮೇಲಿದ್ದರೂ ಒಮ್ಮೊಮ್ಮೆ ದನಿ ಇದ್ದಕ್ಕಿದ್ದಂತೆ ಕುಸಿದು ಮತ್ತೆ ಏಳುತ್ತದೆ. ಸಣ್ಣ ಉಪಗ್ರಹಗಳು ನಿಧಾನವಾಗಿ ಉರುಳುತ್ತಾ ಸಾಗುವುದು ಇದಕ್ಕೆ ಮುಖ್ಯ ಕಾರಣ. ಅದರ ಆಂಟೆನಾ ಅಡ್ಡಲಾಗಿದ್ದು ನಿಮ್ಮದು ಲಂಬವಾಗಿದ್ದರೆ ಸಿಗ್ನಲ್‌ನ ಬಹುಪಾಲು ಕೈತಪ್ಪುತ್ತದೆ. ಕೈಯಲ್ಲಿ ಹಿಡಿದ ಯಾಗಿ ಆಂಟೆನಾ ಆದರೆ ಮಣಿಕಟ್ಟು ತಿರುಗಿಸಿದರೆ ಸಾಕು, ಮುಳುಗಿದ ದನಿ ಮೇಲೇಳುತ್ತದೆ. ವೃತ್ತಾಕಾರದ ಧ್ರುವೀಕರಣವಿರುವ ಆಂಟೆನಾ ಬಳಸಿದರೆ ಸುಮಾರು 3 ಡೆಸಿಬೆಲ್ ನಷ್ಟ ಇದ್ದೇ ಇರುತ್ತದೆ, ಆದರೆ ಏಳುಬೀಳು ಬಹಳ ಕಡಿಮೆಯಾಗುತ್ತದೆ.

ದುಬಾರಿ ರೇಡಿಯೋಗಿಂತ ಆಂಟೆನಾ, ಕೇಬಲ್ ಮುಖ್ಯ

ಯುಎಸ್‌ಬಿ ಟಿವಿ ಟ್ಯೂನರ್‌ನ ಚಿಪ್ ಆಧರಿಸಿದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಮತ್ತು ಒಂದು ಲ್ಯಾಪ್‌ಟಾಪ್ ಆರಂಭಕ್ಕೆ ಸಾಕು. ಆಂಟೆನಾವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ತಲಾ 49 ಸೆಂಟಿಮೀಟರ್ ಉದ್ದದ ಎರಡು ಅಲ್ಯೂಮಿನಿಯಂ ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಕೂರಿಸಿದರೆ 145 ಮೆಗಾಹರ್ಟ್ಸ್‌ಗೆ ವಿ-ಡೈಪೋಲ್ ಸಿದ್ಧ.

ಹಲವರು ಎಡವುವುದು ಕೇಬಲ್‌ನಲ್ಲಿ. ಸಾಮಾನ್ಯ ಆರ್‌ಜಿ-58 ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ ಮೀಟರ್‌ಗೆ ಸುಮಾರು 0.2 ಡೆಸಿಬೆಲ್ ನುಂಗುತ್ತದೆ. ತಾರಸಿಯಿಂದ ಕೋಣೆಗೆ 20 ಮೀಟರ್ ಎಳೆದರೆ ಅರ್ಧಕ್ಕಿಂತ ಹೆಚ್ಚು ಸಿಗ್ನಲ್ ದಾರಿಯಲ್ಲೇ ಖಾಲಿ. 435 ಮೆಗಾಹರ್ಟ್ಸ್‌ನಲ್ಲಂತೂ ನಷ್ಟ ಇನ್ನೂ ಜಾಸ್ತಿ. ಪ್ರೀ-ಆಂಪ್ಲಿಫೈಯರ್ ಹಾಕುವುದಾದರೆ ಅದು ಆಂಟೆನಾದ ಬುಡದಲ್ಲೇ ಇರಬೇಕು. ರೇಡಿಯೋ ಪಕ್ಕದಲ್ಲಿಟ್ಟರೆ ಕ್ಷೀಣ ಸಿಗ್ನಲ್ ಜತೆ ಕೇಬಲ್ ಸೇರಿಸಿದ ಗದ್ದಲವೂ ಹಿಗ್ಗುತ್ತದೆ.

ಮಹಾನಗರದ ಗದ್ದಲ

ಮುಂಬೈ, ಪುಣೆ, ಹೈದರಾಬಾದ್‌ನ ಅಪಾರ್ಟ್‌ಮೆಂಟ್‌ಗಳಲ್ಲಿ ನಿಜವಾದ ಎದುರಾಳಿ ದೂರವಲ್ಲ, ಗದ್ದಲ. ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್, ಲಿಫ್ಟ್ ಮೋಟಾರ್ ಎಲ್ಲವೂ ರೇಡಿಯೋ ಗದ್ದಲ ಸೂಸುತ್ತವೆ. ಸಿಗ್ನಲ್ ಎಷ್ಟು ಬಲವಾಗಿದೆ ಎನ್ನುವುದಕ್ಕಿಂತ ಅದು ಗದ್ದಲಕ್ಕಿಂತ ಎಷ್ಟು ಮೇಲಿದೆ ಎಂಬುದೇ ಗುಣಮಟ್ಟದ ಅಳತೆ. ಲ್ಯಾಪ್‌ಟಾಪನ್ನು ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸುವುದು, ಆಂಟೆನಾವನ್ನು ಕಿಟಕಿಯಿಂದ ತಾರಸಿಗೆ ಒಯ್ಯುವುದು ಖರ್ಚಿಲ್ಲದ ಪರಿಹಾರಗಳು.

88ರಿಂದ 108 ಮೆಗಾಹರ್ಟ್ಸ್‌ನ ಎಫ್‌ಎಂ ಕೇಂದ್ರಗಳು ಹತ್ತಿರವಿದ್ದರೆ ಅಗ್ಗದ ಡಾಂಗಲ್ ಅವುಗಳ ಅಬ್ಬರಕ್ಕೆ ಕಿವುಡಾಗುತ್ತದೆ. ಆಗ ಗೇನ್ ಹೆಚ್ಚಿಸಿದಷ್ಟೂ ಕೆಡುತ್ತದೆ. ಗೇನ್ ತಗ್ಗಿಸಬೇಕು ಅಥವಾ ಎಫ್‌ಎಂ ತಡೆಯುವ ಫಿಲ್ಟರ್ ಹಾಕಬೇಕು. ರೇಡಿಯೋದ ಸ್ಕ್ವೆಲ್ಚ್ ಪೂರ್ತಿ ತೆರೆದಿರಲಿ. ಇಲ್ಲದಿದ್ದರೆ ಕ್ಷೀಣ ದನಿ ಕಿವಿಗೆ ಬೀಳುವುದೇ ಇಲ್ಲ.

ಮೇಲೇರದ, ಮುಳುಗದ ಉಪಗ್ರಹ

ಕತಾರ್‌ನ ಎಸ್‌ಹೈಲ್-2 ಉಪಗ್ರಹದಲ್ಲಿರುವ ಕ್ಯೂಒ-100 ಭೂಸ್ಥಿರ ಕಕ್ಷೆಯ ಮೊದಲ ಹವ್ಯಾಸಿ ಟ್ರಾನ್ಸ್‌ಪಾಂಡರ್. 2018ರ ನವೆಂಬರ್‌ನಲ್ಲಿ ಹಾರಿದ ಇದು ಪೂರ್ವ ರೇಖಾಂಶ 25.9 ಡಿಗ್ರಿಯಲ್ಲಿ ನಿಂತಿದೆ. ಭಾರತದಿಂದ ನೋಡಿದರೆ ಪಶ್ಚಿಮದಿಂದ ತುಸು ದಕ್ಷಿಣಕ್ಕೆ ಕಾಣುತ್ತದೆ. ಎತ್ತರ ಮುಂಬೈಯಲ್ಲಿ ಸುಮಾರು 33 ಡಿಗ್ರಿ, ಪುಣೆಯಲ್ಲಿ 32, ಬೆಂಗಳೂರಿನಲ್ಲಿ 30, ಹೈದರಾಬಾದ್‌ನಲ್ಲಿ 28, ಚೆನ್ನೈಯಲ್ಲಿ 27, ದೆಹಲಿಯಲ್ಲಿ 25. ಡಿಟಿಎಚ್ ಮಾದರಿಯ ಡಿಶ್, ಸ್ಥಿರವಾದ ಎಲ್‌ಎನ್‌ಬಿ ಮತ್ತು ಡಾಂಗಲ್ ಸೇರಿದರೆ 10,489 ಮೆಗಾಹರ್ಟ್ಸ್ ಮೇಲಿನ ಇದರ ಸಿಗ್ನಲ್ ದಿನವಿಡೀ ಸಿಗುತ್ತದೆ. ಡಾಪ್ಲರ್ ಕಾಟ ಇಲ್ಲವೇ ಇಲ್ಲ ಎನ್ನಬಹುದು. ಕಾಡುವುದು ಎರಡೇ: ಬಿಸಿಲಿಗೆ ಎಲ್‌ಎನ್‌ಬಿ ತರಂಗಾಂತರ ಸರಿಯುವುದು ಮತ್ತು ಜೋರು ಮಳೆ.

ಕೇಳಿದವರ ವರದಿಗೆ ಬೆಲೆ ಇದೆ

ಹ್ಯಾಮ್‌ಗಳು ಸಿಗ್ನಲ್ ಗುಣಮಟ್ಟವನ್ನು ಅಂಕಿಗಳಲ್ಲಿ ಹೇಳುತ್ತಾರೆ. ಮೊದಲ ಅಂಕಿ ಮಾತು ಎಷ್ಟು ಅರ್ಥವಾಗುತ್ತದೆ ಎಂಬುದಕ್ಕೆ, 1ರಿಂದ 5. ಎರಡನೆಯದು ಬಲಕ್ಕೆ, 1ರಿಂದ 9. 'ಫೈವ್ ನೈನ್' ಎಂದರೆ ಅತ್ಯುತ್ತಮ.

ಇದು ಬರೀ ಶಿಷ್ಟಾಚಾರವಲ್ಲ. ಬೆಂಗಳೂರು ಮತ್ತು ಹೈದರಾಬಾದ್‌ನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿ 2010ರ ಜುಲೈ 12ರಂದು ಹಾರಿಸಿದ ಸ್ಟಡ್‌ಸ್ಯಾಟ್ ಒಂದು ಕಿಲೋಗಿಂತ ಹಗುರವಾಗಿತ್ತು. ಇಂಥ ಉಪಗ್ರಹ ತನ್ನ ಒಂದೇ ನೆಲದ ಕೇಂದ್ರದ ಮೇಲೆ ಹಾದುಹೋಗುವುದು ದಿನಕ್ಕೆ ಕೆಲವು ನಿಮಿಷ ಮಾತ್ರ. ಉಳಿದ ಹೊತ್ತು ಅದು ಬದುಕಿದೆಯೇ, ಬ್ಯಾಟರಿ ಸರಿಯಿದೆಯೇ ಎಂದು ತಿಳಿಯಲು ಬೇರೆ ಊರು, ಬೇರೆ ದೇಶದ ಹವ್ಯಾಸಿಗಳ ಕಿವಿಯೇ ಆಸರೆ.

ಆಸ್ಕರ್-7 ಇದಕ್ಕೆ ದೊಡ್ಡ ಉದಾಹರಣೆ. 1974ರಲ್ಲಿ ಹಾರಿ 1981ರಲ್ಲಿ ಬ್ಯಾಟರಿ ಕೆಟ್ಟು ಮೌನವಾದ ಈ ಉಪಗ್ರಹ 2002ರ ಜೂನ್ 21ರಂದು ಹವ್ಯಾಸಿಯೊಬ್ಬರ ರೇಡಿಯೋದಲ್ಲಿ ಮತ್ತೆ ಕೇಳಿಸಿತು. ಕೆಟ್ಟ ಬ್ಯಾಟರಿಯ ಸಂಪರ್ಕ ತಾನಾಗಿಯೇ ಕಡಿದು, ಸೌರಫಲಕಗಳ ಶಕ್ತಿಯಿಂದಲೇ ಅದು ಬಿಸಿಲಿನಲ್ಲಿ ಎಚ್ಚರಗೊಳ್ಳುತ್ತಿತ್ತು. ಕೇಳುವವರು ಇಲ್ಲದಿದ್ದರೆ ಅದು ಬದುಕಿದೆ ಎಂದೇ ತಿಳಿಯುತ್ತಿರಲಿಲ್ಲ.

ಮಾತನಾಡಲು ಪರವಾನಗಿ ಕಡ್ಡಾಯ

ಉಪಗ್ರಹದ ಮೂಲಕ ಮಾತನಾಡಬೇಕಾದರೆ ಪರೀಕ್ಷೆ ಪಾಸಾಗಿ ದೂರಸಂಪರ್ಕ ಇಲಾಖೆಯ ಹವ್ಯಾಸಿ ರೇಡಿಯೋ ಪರವಾನಗಿ ಪಡೆದಿರಬೇಕು. ಪರವಾನಗಿ ಇದ್ದವರಿಗೂ ಒಂದು ಶಿಸ್ತಿದೆ. ಟ್ರಾನ್ಸ್‌ಪಾಂಡರ್‌ನ ಶಕ್ತಿಯನ್ನು ಎಲ್ಲರೂ ಹಂಚಿಕೊಳ್ಳುವುದರಿಂದ ಒಬ್ಬರು ಅತಿಯಾದ ಬಲದಿಂದ ಕೂಗಿದರೆ ಉಳಿದವರ ದನಿ ಕುಗ್ಗುತ್ತದೆ, ಉಪಗ್ರಹದ ಬ್ಯಾಟರಿಯೂ ಬಸವಳಿಯುತ್ತದೆ. ತನ್ನ ದನಿ ಮರಳಿ ಕೇಳಿಸುವಷ್ಟೇ ಶಕ್ತಿ ಬಳಸಬೇಕು ಎಂಬುದು ಪಾಠ. ಅದಕ್ಕೆ ಮೊದಲು ಬೇಕಾಗಿರುವುದು ಚೆನ್ನಾಗಿ ಕೇಳಿಸಿಕೊಳ್ಳುವ ಆಂಟೆನಾ.