ಕುಸ್ವಾರ್

ಕರ್ನಾಟಕದ ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಕ್ರಿಸ್ಮಸ್‌ಗೆಂದು ಮನೆಯಲ್ಲಿ ಮಾಡಿ, ನೆಂಟರಿಷ್ಟರಿಗೂ ನೆರೆಹೊರೆಗೂ ಹಂಚುವ ತಿಂಡಿಗಳ ಒಟ್ಟು ಹೆಸರು. ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಕುಲಿ, ಎಳ್ಳುಂಡೆ, ಪೇರಳೆ ಹಲ್ವ, ಗೋಡಂಬಿಯ ಮ್ಯಾಕರೂನ್ ಇವು ಸಾಮಾನ್ಯವಾಗಿ ಕಾಣುವ ಬಗೆಗಳು. ಯಾವುದಿರಬೇಕು, ಎಷ್ಟಿರಬೇಕು ಎಂಬುದು ಮನೆಯಿಂದ ಮನೆಗೆ ಬೇರೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಇದರ ನೆಲೆ. ಇಲ್ಲಿಂದ ಹೋದವರ ಜೊತೆ ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೂ ಹೋಗಿದೆ. ಗೋವದಲ್ಲೂ ಇಂಥದೇ ಪದ್ಧತಿಯಿದೆ. ಅಲ್ಲಿ ಕಿಡ್ಯೊವನ್ನು ಕುಲ್‌ಕುಲ್ ಎನ್ನುತ್ತಾರೆ, ದೊದೊಲ್ ಎಂಬ ಸಿಹಿಗೆ ಹೆಚ್ಚಿನ ಮರ್ಯಾದೆ.

ಹಿನ್ನೆಲೆ

ಕುಸ್ವಾರನ್ನು ಪೋರ್ಚುಗೀಸರ ಕೊಡುಗೆ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ರೂಢಿಯಿದೆ. ತಟ್ಟೆಯಲ್ಲಿರುವುದನ್ನು ಒಂದೊಂದಾಗಿ ನೋಡಿದರೆ ಈ ಮಾತು ಅರ್ಧ ಮಾತ್ರ ನಿಲ್ಲುತ್ತದೆ. ನೆವ್ರಿ (ಬಹುವಚನ ನೆವ್ರ್ಯೊ) ಎಂದರೆ ನಮ್ಮ ಕರ್ಜಿಕಾಯಿಯೇ: ಅರ್ಧಚಂದ್ರದ ಆಕಾರ, ಒಳಗೆ ಎಳ್ಳು, ಸಕ್ಕರೆ, ಕೊಬ್ಬರಿ, ಏಲಕ್ಕಿ. ಗೋವದ ಹಿಂದೂ ಮನೆಗಳಲ್ಲಿ ಗಣೇಶ ಚೌತಿಗೆ ಇದನ್ನು ಇಂದಿಗೂ ಕರಿಯುತ್ತಾರೆ. ಚಕ್ಕುಲಿ, ಎಳ್ಳುಂಡೆಗಳ ಬಗ್ಗೆ ಹೇಳಬೇಕಾದ್ದೇ ಇಲ್ಲ. ತುಕ್ಡಿ ಶಂಕರಪೋಳಿಯ ಒಡಹುಟ್ಟು.

ಗೋವದಲ್ಲಿ 1560ರಲ್ಲಿ ಸ್ಥಾಪನೆಯಾದ ಇನ್‌ಕ್ವಿಸಿಷನ್ ನ್ಯಾಯಾಲಯ ಮತಾಂತರಗೊಂಡವರ ಮನೆಯೊಳಗಿನ ನಡವಳಿಕೆಯ ಮೇಲೂ ಕಣ್ಣಿಟ್ಟಿತ್ತು. 1736ರ ಅದರ ಆಜ್ಞೆ ಮದುವೆಯ ಶಾಸ್ತ್ರಗಳು, ಉಡುಗೆಗಳ ಜೊತೆಗೆ ಹಿಂದೂಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನೂ ನಿಷೇಧಿಸಿತು. ಅಡುಗೆ ಮನೆಯ ವರೆಗೆ ಕೈಚಾಚಿದ ಇಂಥ ಆಡಳಿತದಡಿಯೂ ಹಬ್ಬದ ಕರಿದ ತಿಂಡಿಗಳು ಉಳಿದುಕೊಂಡದ್ದು ಗಮನಾರ್ಹ. ಹಬ್ಬ ಬದಲಾಯಿತು, ಬಾಣಲೆ ಬದಲಾಗಲಿಲ್ಲ. ಈ ಕಾಟ, ಬರ, ತೆರಿಗೆ, 1683 ಮತ್ತು 1739ರ ಮರಾಠರ ದಾಳಿಗಳು ಇವೆಲ್ಲ ಸೇರಿ ಗೋವದ ಕ್ರೈಸ್ತರು ಗುಂಪುಗುಂಪಾಗಿ ತೆಂಕಣಕ್ಕೆ ಬಂದು ಕೆಳದಿ ನಾಯಕರ ಸೀಮೆಯಲ್ಲಿ ಬೇಸಾಯಕ್ಕಿಳಿದರು. 1784ರಲ್ಲಿ ಟಿಪ್ಪು ಸುಲ್ತಾನ್ ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಅಳಿದುಳಿದವರು ಊರಿಗೆ ಮರಳಿದ್ದು 1799ರ ನಂತರ. ಇಂದಿನ ಕುಸ್ವಾರಿನ ರೂಪ ಬಹುಮಟ್ಟಿಗೆ ಈ ಮರುವಸತಿಯ ಬಳಿಕ ನೆಲೆಗೊಂಡಿರಬೇಕು.

ಪೋರ್ಚುಗೀಸರಿಂದ ನಿಜವಾಗಿ ಬಂದದ್ದು ಮುಖ್ಯವಾಗಿ ಸಾಮಗ್ರಿ. ಗೋಡಂಬಿ, ಪೇರಳೆ ಎರಡೂ ಅಮೆರಿಕ ಖಂಡದವು; ಅವರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಇಳಿದವು. ಹಣ್ಣಿನ ತಿರುಳನ್ನು ಸಕ್ಕರೆಯೊಂದಿಗೆ ಗಟ್ಟಿಯಾಗುವ ತನಕ ಕಾಯಿಸುವುದು, ಮೊಟ್ಟೆಯ ಬಿಳಿಯನ್ನು ನೊರೆಯಾಗುವಂತೆ ಕಡೆದು ಸಕ್ಕರೆ ಬೆರೆಸುವುದು ಇವು ಯುರೋಪಿನ ವಿಧಾನಗಳು. ಕಬ್ಬಿಣದ ಹೂವಿನಚ್ಚಿನಲ್ಲಿ ಕರಿಯುವ ಕೊಕ್ಕಿಸಾಂನ ದಾರಿ ಬೇರೆ ಇದ್ದೀತು. ಕೇರಳದ ಅಚ್ಚಪ್ಪ, ಶ್ರೀಲಂಕಾದ ಕೋಕಿಸ್ ಇದೇ ತಿಂಡಿ. ಲಂಕೆಯಲ್ಲಿ ಅದನ್ನು ಡಚ್ಚರ ಬಳುವಳಿ ಎಂದು ಭಾವಿಸುತ್ತಾರೆ.

ಇನ್ನೊಂದು ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಕರಾವಳಿಯ ಮನೆಗಳಲ್ಲಿ ಓವನ್ ಇರಲಿಲ್ಲ. ಇದ್ದದ್ದು ಕಟ್ಟಿಗೆಯ ಒಲೆ, ಬಾಣಲೆ, ಸಟ್ಟುಗ. ಹಾಗಾಗಿ ಕುಸ್ವಾರಿನ ಬಹುಪಾಲು ಕರಿದದ್ದು ಇಲ್ಲವೇ ಕೆದಕಿ ಪಾಕ ಬರಿಸಿದ್ದು. ಪ್ಲಮ್ ಕೇಕು ತಡವಾಗಿ ಬಂದ ಅತಿಥಿ. ತಲಶ್ಶೇರಿಯ ಮಾಂಬಳ್ಳಿ ಬಾಪು 1883ರಲ್ಲಿ ಭಾರತದ ಮೊದಲ ಕ್ರಿಸ್ಮಸ್ ಕೇಕನ್ನು ತಯಾರಿಸಿದರೆಂಬುದು ಪ್ರಚಲಿತ ಹೇಳಿಕೆ.

ಕಿಡ್ಯೊ ತಯಾರಿಕೆ

ಕುಸ್ವಾರಿನಲ್ಲಿ ಹೆಚ್ಚು ಕೈಗಳನ್ನು ಬೇಡುವುದು ಕಿಡ್ಯೊ. ಮೈದಾ, ಮೊಟ್ಟೆ, ತೆಂಗಿನಕಾಯಿಯ ದಪ್ಪ ಹಾಲು, ಕಾಸಿದ ತುಪ್ಪ, ಚಿಟಿಕೆ ಉಪ್ಪು ಸೇರಿಸಿ ಪೂರಿಯ ಹಿಟ್ಟಿನ ಹದಕ್ಕೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆಯಾದರೂ ಬಿಡುತ್ತಾರೆ. ಮತ್ತೆ ಕಡಲೆ ಗಾತ್ರದ ಉಂಡೆಗಳು. ಪ್ರತಿಯೊಂದನ್ನೂ ಫೋರ್ಕಿನ ಬೆನ್ನಿನ ಮೇಲೋ, ಇದಕ್ಕೆಂದೇ ಎತ್ತಿಟ್ಟ ಹೊಸ ಬಾಚಣಿಗೆಯ ಮೇಲೋ ಹೆಬ್ಬೆರಳಿನಿಂದ ಒತ್ತಿ, ಹಾಗೆಯೇ ಸುರುಳಿ ಸುತ್ತುತ್ತಾರೆ. ಮಕ್ಕಳಿಂದ ಅಜ್ಜಿಯ ತನಕ ಎಲ್ಲರೂ ಚಾಪೆಯ ಮೇಲೆ ಕೂರುವ ಕೆಲಸವಿದು. ಗೀರು ಬೀಳಿಸುವುದು ಬರಿಯ ಚೆಂದಕ್ಕಲ್ಲ. ಸುರುಳಿಯ ಒಳಟೊಳ್ಳಿಗೆ ಎಣ್ಣೆ ಹೊಕ್ಕು ಹಿಟ್ಟು ಎರಡೂ ಕಡೆ ಬೇಯುತ್ತದೆ, ಗೀರುಗಳಲ್ಲಿ ಸಕ್ಕರೆ ಹಿಡಿದು ನಿಲ್ಲುತ್ತದೆ. ಉರಿ ಹೆಚ್ಚಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಅಂಥ ಕಿಡ್ಯೊ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ.

ಪಾಕವೇ ನಿಜವಾದ ಪರೀಕ್ಷೆ. ಸಕ್ಕರೆಗೆ ಸ್ವಲ್ಪವೇ ನೀರು ಹಾಕಿ ಕುದಿಸಿ, ಬೆರಳುಗಳ ನಡುವೆ ಗಟ್ಟಿ ಎಳೆ ಬರುವಾಗ, ಅಂದರೆ ಸುಮಾರು 110ರಿಂದ 112 ಡಿಗ್ರಿ ಸೆಲ್ಸಿಯಸ್‌ಗೆ, ಇಳಿಸಬೇಕು. ಅಗಲವಾದ ಪಾತ್ರೆಯಲ್ಲಿ ತಣಿದಿರುವ ಕಿಡ್ಯೊಗಳ ಮೇಲೆ ಸುರಿದು ಬಿಡದೆ ಹೊರಳಿಸುತ್ತ ಹೋದಂತೆ ಹೊಳೆಯುವ ಪಾಕ ಮಂಕಾಗಿ, ಥಟ್ಟನೆ ಬಿಳಿಯ ಪುಡಿಯಂತೆ ಅಂಟಿಕೊಳ್ಳುತ್ತದೆ. ನೀರು ಹಿಡಿಸಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಕರಗಿರುವ ದ್ರಾವಣ ತಣಿಯುತ್ತ ಕಲಕಿದಾಗ ಹರಳುಗಟ್ಟುವುದೇ ಇದಕ್ಕೆ ಕಾರಣ. ಪಾಕ ಎಳೆಯದಾದರೆ ಕಿಡ್ಯೊ ಒಂದಕ್ಕೊಂದು ಅಂಟಿ ಜಿಗುಟಾಗುತ್ತದೆ, ಬಲಿತರೆ ಮುದ್ದೆಗಟ್ಟುತ್ತದೆ. ಪಾಕಕ್ಕೆ ನಿಂಬೆಹುಳಿ ಹಿಂಡುವ ಅಭ್ಯಾಸವಿದ್ದವರು ಇಲ್ಲಿ ಕೈ ತಡೆಯಬೇಕು: ಹುಳಿ ಸಕ್ಕರೆಯನ್ನು ಒಡೆದು ಹರಳಾಗದಂತೆ ಮಾಡುತ್ತದೆ, ಇಲ್ಲಿ ಬೇಕಾದ್ದು ಹರಳೇ. ಹದವಾಗಿ ಬಂದ ಕಿಡ್ಯೊ ಬಿಗಿ ಮುಚ್ಚಳದ ಡಬ್ಬದಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಡಿಸೆಂಬರ್ ನಡುವಿನಲ್ಲಿ ಕರಿದದ್ದು ಜನವರಿ 6ರ ಮೂವರು ರಾಯರ ಹಬ್ಬದ ತನಕ ಗರಿಗರಿಯಾಗಿ ಇರಬೇಕೆಂಬುದು ಇಡೀ ಕುಸ್ವಾರಿನ ಲೆಕ್ಕಾಚಾರ.

ಗೋದಲಿ ಮತ್ತು ನಕ್ಷತ್ರ

ಅಡುಗೆ ಮನೆಯಲ್ಲಿ ಎಣ್ಣೆ ಕಾಯುವ ಹೊತ್ತಿಗೆ ಜಗಲಿಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಏಳುತ್ತದೆ. ಈ ಸಂಪ್ರದಾಯವನ್ನು 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಆರಂಭಿಸಿದರೆನ್ನುತ್ತಾರೆ. ಕರಾವಳಿಯಲ್ಲಿ ಅದಕ್ಕೆ ಒಣಹುಲ್ಲಿನ ಮಾಡು. ಸುತ್ತಲಿನ ಹಸಿರಿಗಾಗಿ ತಟ್ಟೆಗಳಲ್ಲಿ ಭತ್ತ ಅಥವಾ ರಾಗಿಯನ್ನು ಹತ್ತು ಹನ್ನೆರಡು ದಿನ ಮೊದಲೇ ಬಿತ್ತಿ ಮೊಳೆಸುತ್ತಾರೆ. ಬಾಲಯೇಸುವಿನ ಮೂರ್ತಿಯನ್ನು ಕ್ರಿಸ್ಮಸ್ ಹಿಂದಿನ ರಾತ್ರಿಯ ಪೂಜೆ ಮುಗಿದ ಮೇಲೆಯೇ ಇಡುವುದು. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡುತ್ತಿದ್ದ ನಕ್ಷತ್ರಗಳ ಜಾಗವನ್ನು ಈಗ ಸಿದ್ಧ ನಕ್ಷತ್ರಗಳು ಹಿಡಿದಿವೆ. ಕ್ರಿಸ್ಮಸ್ ಮರಕ್ಕೆ ಹಲವು ಮನೆಗಳಲ್ಲಿ ಗಾಳಿಮರದ ಕೊಂಬೆಯೇ ಗತಿ.

ಹಂಚಿಕೆ

ಕುಸ್ವಾರ್ ತಟ್ಟೆ ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತದೆ. ದೀಪಾವಳಿಗೋ ಚೌತಿಗೋ ಅಲ್ಲಿಂದ ತಿಂಡಿ ಬರುತ್ತದೆ. ಮೇಲೆ ಹೊದಿಸುವುದು ಮನೆಯಲ್ಲೇ ಹೆಣೆದ ಕ್ರೋಶಾ ಬಟ್ಟೆ. ಹಬ್ಬದ ದಿನದ ಸಾನ್ನಾಂ, ಹಂದಿಮಾಂಸದ ಬಫಾತ್ ಊಟದ ಭಾಗವೇ ಹೊರತು ಕುಸ್ವಾರಿಗೆ ಸೇರುವುದಿಲ್ಲ. ಮಂಗಳೂರಿನ ಬೇಕರಿಗಳು ಈಗ ಡಿಸೆಂಬರ್‌ನಲ್ಲಿ ಕುಸ್ವಾರ್ ಪೊಟ್ಟಣಗಳನ್ನು ಮಾರುತ್ತವೆ. ಕೇಕು, ಮ್ಯಾಕರೂನ್‌ಗಳನ್ನು ಅಲ್ಲಿಂದ ತರಿಸಿ, ನೆವ್ರಿ ಮತ್ತು ಕಿಡ್ಯೊಗಳನ್ನು ಮಾತ್ರ ಮನೆಯಲ್ಲಿ ಕರಿಯುವ ಕುಟುಂಬಗಳು ಇಂದು ಸಾಕಷ್ಟಿವೆ.