ನಾಟಾದ ಇಂಗಾಲ ಲೆಕ್ಕ: ಋಣ ಚಿಹ್ನೆ ಹೇಳುವುದು, ಹೇಳದೆ ಬಿಡುವುದು

ಮರದಿಂದ ಕಟ್ಟಿದರೆ ಇಂಗಾಲವನ್ನು ಹಿಡಿದಿಟ್ಟಂತೆ ಎಂಬ ವಾದ ವಾಸ್ತುಶಿಲ್ಪಿಗಳ ವಲಯದಲ್ಲಿ ಈಗ ಚೆನ್ನಾಗಿ ಬೇರೂರಿದೆ. ವಾದದಲ್ಲಿ ಹುರುಳಿದೆ. ಆದರೆ ಅದನ್ನು ಅಂಕಿಗೆ ಇಳಿಸುವ ಬಗೆಯಲ್ಲಿ ತೊಡಕುಗಳಿವೆ.

ಹಿಡಿದಿಟ್ಟ ಪ್ರಮಾಣವನ್ನು ಕಂಡುಕೊಳ್ಳುವುದು ಸುಲಭ. ಯುರೋಪಿನ ಇಎನ್ 16449 ಮಾನಕದ ಪ್ರಕಾರ ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಶೇ. 12 ತೇವಾಂಶವಿರುವ, 500 ಕಿಲೋ ತೂಗುವ ಒಂದು ಘನ ಮೀಟರ್ ನಾಟಾ ಇದೆಯೆನ್ನೋಣ. ತೇವಾಂಶವನ್ನು ಒಣ ತೂಕದ ಮೇಲೆ ಎಣಿಸುವುದರಿಂದ 500 ಅನ್ನು 1.12 ರಿಂದ ಭಾಗಿಸಬೇಕು. ಸಿಗುವುದು 446 ಕಿಲೋ. ಅದರಲ್ಲಿ ಇಂಗಾಲ 223 ಕಿಲೋ. 44/12 ರಿಂದ ಗುಣಿಸಿದರೆ ಸುಮಾರು 818 ಕಿಲೋ ಇಂಗಾಲದ ಡೈಆಕ್ಸೈಡ್. ತೇವಾಂಶವನ್ನು ಕಳೆಯಲು ಮರೆತರೆ ಇದೇ ಮೊತ್ತ 917 ಆಗುತ್ತದೆ. ಒಂದೇ ಘನ ಮೀಟರಿಗೆ ಸುಮಾರು ನೂರು ಕಿಲೋ ಇಲ್ಲದ ಲಾಭ!

ನಿಜವಾದ ಪ್ರಶ್ನೆ ಬರುವುದು ಆಮೇಲೆ. 2019ರಲ್ಲಿ ಪರಿಷ್ಕೃತವಾದ ಇಎನ್ 15804 ಮಾನಕ ಈ 818 ಕಿಲೋವನ್ನು ಉತ್ಪಾದನಾ ಹಂತದಲ್ಲಿ ಋಣವಾಗಿ, ಕಟ್ಟಡ ಕೆಡವಿದ ನಂತರದ ಹಂತದಲ್ಲಿ ಧನವಾಗಿ ಬರೆಯುತ್ತದೆ. ಶಾಶ್ವತ ಸಂಗ್ರಹಕ್ಕೆ ರಿಯಾಯಿತಿ ಇಲ್ಲ. ಇಡೀ ಜೀವನಚಕ್ರವನ್ನು ನೋಡಿದರೆ ಜೈವಿಕ ಇಂಗಾಲದ ಮೊತ್ತ ಸೊನ್ನೆ. ಉತ್ಪಾದನಾ ಹಂತದ ಅಂಕಿಯನ್ನಷ್ಟೇ ಕಾಂಕ್ರೀಟಿನ ಎದುರು ಇಟ್ಟರೆ ಮರ ಪವಾಡದಂತೆ ಕಾಣುವುದು ಇದೇ ಕಾರಣಕ್ಕೆ. ಮಾನಕ ಪಳೆಯುಳಿಕೆ ಮೂಲದ, ಜೈವಿಕ ಮೂಲದ ಮತ್ತು ಭೂಬಳಕೆಯ ಹೊರಸೂಸುವಿಕೆಗಳನ್ನು ಬೇರೆ ಬೇರೆ ಸಾಲಿನಲ್ಲಿ ಕೇಳುತ್ತದೆ. ಇದು ಒಳ್ಳೆಯ ಕ್ರಮ.

ಸೊನ್ನೆಯಲ್ಲಿ ಕಾಲದ ಅಂಶ ಕಳೆದುಹೋಗುತ್ತದೆಂಬ ಆಕ್ಷೇಪವೂ ನ್ಯಾಯವಾದದ್ದೇ. 2022ರ ಜನವರಿಯಿಂದ ಜಾರಿಯಲ್ಲಿರುವ ಫ್ರಾನ್ಸಿನ ಆರ್‌ಇ2020 ನಿಯಮ ಕಟ್ಟಡದ ಆಯುಷ್ಯವನ್ನು 50 ವರ್ಷವೆಂದು ಹಿಡಿದು, ತಡವಾಗಿ ಹೊರಬರುವ ಹೊಗೆಗೆ ಕಡಿಮೆ ತೂಕ ಕೊಡುತ್ತದೆ. ವರ್ಷದೊಳಗೆ ಮತ್ತೆ ಬೆಳೆಯುವ ಹುಲ್ಲು, ಸೆಣಬಿಗೆ ಇದು ಒಪ್ಪುತ್ತದೆ. ಆದರೆ ಹಲವು ದಶಕ ಬೆಳೆದ ಸ್ಪ್ರೂಸ್ ಮರ ಕಡಿದಾಗ ಕಾಡು ಅಷ್ಟೇ ಇಂಗಾಲವನ್ನು ಮರಳಿ ಕೂಡಿಹಾಕಲು ಅಷ್ಟೇ ದಶಕ ಬೇಕು. ಆ ಗಡಿಯಾರ ಕಟ್ಟಡದ ಲೆಕ್ಕದಲ್ಲಿಲ್ಲ. ಕಾಡಿನಲ್ಲೇ ಉಳಿಯುವ ಬೇರು, ರೆಂಬೆ, ಗರಗಸದ ಗಿರಣಿಯಲ್ಲಿ ಉರಿದ ತುಂಡುಗಳು 818ರೊಳಗೆ ಸೇರಿಲ್ಲ. ಋಣ ಚಿಹ್ನೆಗೆ ಅರ್ಹತೆ ಬರುವುದು ಕಾಡು ಸುಸ್ಥಿರವಾಗಿ ನಿರ್ವಹಣೆಯಲ್ಲಿದ್ದರೆ ಮಾತ್ರ.

ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್, ಬಿದಿರಿನಂಥ ನಮ್ಮ ಸಾಮಗ್ರಿಗಳಿಗೆ ಇಂಗಾಲದ ಲೆಕ್ಕಪತ್ರ ಸಿದ್ಧಪಡಿಸುವವರಲ್ಲಿ ಒಂದು ಕೋರಿಕೆ: ಸಂಗ್ರಹಿತ ಇಂಗಾಲವನ್ನು ಹೊರಸೂಸುವಿಕೆಯಲ್ಲಿ ಕಳೆಯದೆ ಪ್ರತ್ಯೇಕವಾಗಿ ತೋರಿಸಿ, ಜೊತೆಗೆ ತೇವಾಂಶವನ್ನೂ ಮರ ಮತ್ತೆ ಬೆಳೆಯುವ ಅವಧಿಯನ್ನೂ ನಮೂದಿಸಿ.